ಬೇರೆ ವಾರಸುದಾರರಿಲ್ಲ

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಗಡಿಯಾರ ನೋಡಿ ಅಡುಗೆ ಮಾಡುವವರು ಕಡಿಮೆ. ಯಾವ ಗಾಡಿ ಬಂತು, ಯಾವ ಗಾಡಿ ಹೋಯಿತು ಎಂಬುದರ ಮೇಲೆ ಅಲ್ಲಿನ ಒಲೆ ಹೊತ್ತುತ್ತದೆ. ಸೇಡಂ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್ ಕೂಗು ಹಾಕಿತೆಂದರೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಶರಣಯ್ಯನ ಪಾಳಿ ಮುಗಿಯಿತೆಂದು ಅವನ ಹೆಂಡತಿ ಭಾಗ್ಯಜ್ಯೋತಿಗೆ ಗೊತ್ತಾಗುತ್ತಿತ್ತು. ಅವನು ಕೈಕಾಲು ತೊಳೆದು ಕೂಡುವಷ್ಟರಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಬರುತ್ತಿದ್ದವು. ಒಬ್ಬಳೇ ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಭಾಗ್ಯಜ್ಯೋತಿ ಆಶಾ ಕಾರ್ಯಕರ್ತೆ. ಓಣಿಯಲ್ಲಿ ಯಾವ ಕೂಸು ಹುಟ್ಟಿದರೂ ಮೊದಲು ಹೆಸರು ಬರೆದುಕೊಳ್ಳುವವಳು ಅವಳೇ. ಕಾಗದ, ಕಚೇರಿ, ಸಹಿ, ಮೊಹರು ಎಂದರೆ ಅವಳಿಗೆ ಅಂಜಿಕೆ ಇರಲಿಲ್ಲ.

ಗಂಡ ಸ್ಟೇಷನ್ನಿನಿಂದ ತರುವ ಪೇಪರನ್ನು ಅವಳು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದಳು. ಹಾಗೆ ಓದುತ್ತಿದ್ದ ಒಂದು ಮಾರ್ಚ್ ತಿಂಗಳ ಬೆಳಿಗ್ಗೆ, ಒಳಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ನ್ಯಾಯಾಲಯದ ನೋಟೀಸು ಕಣ್ಣಿಗೆ ಬಿತ್ತು. ಸೇಡಂ ತಾಲ್ಲೂಕು, ಮುಧೋಳ ಹೋಬಳಿಯ ಇಂಥ ಗ್ರಾಮದ ಗುರುಲಿಂಗಯ್ಯ ಎಂಬುವವರು ಮೃತರಾಗಿದ್ದು, ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿರುವ ಠೇವಣಿಗಾಗಿ ಪತ್ನಿ ಸೂಗಮ್ಮ ಮತ್ತು ಮಗ ಚನ್ನಬಸಯ್ಯ ಇವರು ಉತ್ತರಾಧಿಕಾರ ಪ್ರಮಾಣಪತ್ರ ಕೋರಿದ್ದಾರೆ. ಇವರಿಬ್ಬರ ಹೊರತು ಮೃತರಿಗೆ ಬೇರೆ ವಾರಸುದಾರರಿಲ್ಲ. ಯಾರದಾದರೂ ತಕರಾರಿದ್ದಲ್ಲಿ ಇಂಥ ತಾರೀಖಿನಂದು ಹಾಜರಾಗತಕ್ಕದ್ದು.

ಓದಿದ್ದನ್ನೇ ಮತ್ತೊಮ್ಮೆ ಓದಿದಳು. ಊರು ಅವಳ ತವರೂರು. ಗುರುಲಿಂಗಯ್ಯ ಅವಳ ಅಪ್ಪ, ಸೂಗಮ್ಮ ಅವಳನ್ನು ಹಡೆದ ತಾಯಿ. ಚನ್ನಬಸಯ್ಯನೆಂದರೆ ಚನ್ನು, ಅವಳು ಸೊಂಟದ ಮೇಲೆ ಹೊತ್ತು ಆಡಿಸಿದ ತಮ್ಮ. ಎಲ್ಲರೂ ಅಲ್ಲಿದ್ದರು. ಅವಳು ಮಾತ್ರ ಇರಲಿಲ್ಲ, ಅವಳ ತಂಗಿ ಬಸವೇಶ್ವರಿಯೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಾಗಲೇ ಅವಳಿಗೆ ಎಚ್ಚರವಾದದ್ದು.

ಚನ್ನುವಿಗೆ ಫೋನು ಮಾಡಿದಳು. ಅವನು ನಕ್ಕುಬಿಟ್ಟ. ಅದು ಬ್ಯಾಂಕಿನವರು ಕೇಳುವ ಕಾಗದ, ಊರಲ್ಲಿ ಎಲ್ಲರೂ ಹಾಗೆಯೇ ಬರೆಸುತ್ತಾರೆ, ಅಕ್ಕ ಸುಮ್ಮನೆ ತಲೆ ಕೆಡಿಸಿಕೊಳ್ಳಬಾರದು, ನಾಗರ ಪಂಚಮಿಗೆ ತವರಿಗೆ ಕರೆಯಲು ತಾನೇ ಬರುತ್ತೇನೆ ಎಂದ. ಅವನು ಸುಳ್ಳೇನೂ ಹೇಳಿರಲಿಲ್ಲ. ಆ ಸೀಮೆಯಲ್ಲಿ ಎಲ್ಲರೂ ಹಾಗೆಯೇ ಬರೆಸುತ್ತಿದ್ದರು. ಮೊದಲೆಲ್ಲ ತಂದೆ ತೀರಿದ ಮೇಲೆ ಹೆಣ್ಣುಮಕ್ಕಳನ್ನು ಮಣೆಯ ಮೇಲೆ ಕೂಡಿಸಿ, ಸೀರೆ ಕುಪ್ಪಸ ಇಟ್ಟು ಉಡಿ ತುಂಬಿ, ಆಮೇಲೆ ಒಂದು ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದರು. ಈಚೆಗೆ ಅದಕ್ಕಿಂತ ಹಗುರವಾದ ದಾರಿ ಹುಡುಕಿಕೊಂಡಿದ್ದರು. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರನ್ನೇ ಹೇಳುತ್ತಿರಲಿಲ್ಲ. ಹೆಸರೇ ಇಲ್ಲದವರ ಸಹಿ ಯಾರಿಗೆ ಬೇಕು?

ಆಮೇಲೆ ತಂಗಿಗೆ ಫೋನು ಮಾಡಿದಳು. ಬಸವೇಶ್ವರಿಯನ್ನು ಚಿಂಚೋಳಿ ಕಡೆ ಕೊಟ್ಟಿದ್ದರು. ಗಂಡ ತೀರಿಕೊಂಡ ವರ್ಷವೇ ಅತ್ತೆಮನೆಯವರು ಎರಡು ಹೆಣ್ಣುಕೂಸುಗಳ ಜೊತೆ ಅವಳನ್ನು ತವರಿಗೆ ತಂದು ಬಿಟ್ಟು ಹೋಗಿದ್ದರು. ಅಂದಿನಿಂದ ಹದಿಮೂರು ವರ್ಷ ಅವಳು ತವರಿನ ಹಿಂದಿನ ಕೋಣೆಯಲ್ಲಿದ್ದು ಆ ಮನೆಯ ಅಡುಗೆ, ಸಗಣಿ, ಹೊಲದ ಕಳೆ ಎಲ್ಲವನ್ನೂ ಮಾಡಿದ್ದಳು. ಅಪ್ಪ ಹಾಸಿಗೆ ಹಿಡಿದಾಗ ಬಾಯಿಗೆ ನೀರು ಬಿಟ್ಟವಳೂ ಅವಳೇ. ನೋಟೀಸಿನ ಮಾತು ಕೇಳಿದಾಗ ಅವಳಿಗೆ ಹಿಂದಿನದೊಂದು ದಿನ ನೆನಪಾಯಿತು. ಆಮೇಲೆ ನಿಧಾನವಾಗಿ ಹೇಳಿದಳು.

"ಅಕ್ಕಾ, ಹೋದ ದೀಪಾವಳಿ ಮುಂದ ಊರ ಲೆಕ್ಕದ ತಲಾಟಿ ಬಂದಿದ್ದರು. ರೇವಣಪ್ಪ ಕಾಕಾ, ಮತ್ತ ನಾಕು ಮಂದಿ ಪಂಚರು ಪಡಸಾಲ್ಯಾಗ ಕುಂತಿದ್ದರು. ಏನೋ ಬರ್ಯಾಕತ್ತಿದ್ದರು. ಚಾ ಮಾಡಂತ ಚನ್ನು ಹೇಳಿದ. ಆರು ಕಪ್ಪು ಚಾ ನಾನೇ ಒಯ್ದು ಕೊಟ್ಟೆ. ತಲಾಟಿ ನನ್ನ ಮಾರಿ ನೋಡಿ ಈಕಿ ಯಾರು ಅಂದ್ರು. ಮನಿ ಕೆಲಸದಾಕಿ ಅಂದ್ರು ರೇವಣಪ್ಪ ಕಾಕಾ. ಚಾಷ್ಟಿ ಅಂತ ತಿಳದು ನಾನೂ ನಕ್ಕೆ."

ತನ್ನ ಹೆಸರು ಬಿಟ್ಟದ್ದಕ್ಕಿಂತ ತಂಗಿಯ ಕೈಯಲ್ಲೇ ಚಹಾ ಮಾಡಿಸಿಕೊಂಡು ಕುಡಿಯುತ್ತ ಅವಳ ಹೆಸರು ಬಿಟ್ಟದ್ದು ಭಾಗ್ಯಜ್ಯೋತಿಗೆ ಹೆಚ್ಚು ನೋವು ಕೊಟ್ಟಿತು.

ಆ ಭಾನುವಾರ ಅವಳು ಊರಿಗೆ ಹೋದಳು. ರೇವಣಪ್ಪ ಅಪ್ಪನ ಗೆಳೆಯ, ಊರಿನ ಹಿರಿಯ. ಮದುವೆ, ಮಾತುಕತೆ, ಪಾಲು, ಜಗಳ ಯಾವುದೂ ಅವನಿಲ್ಲದೆ ತೀರುತ್ತಿರಲಿಲ್ಲ. ಅವನನ್ನೂ ಚನ್ನು ಕರೆಸಿದ್ದ. ತಾಯಿ ಸೂಗಮ್ಮ ಬಾಗಿಲ ಸಂದಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ಮಗಳನ್ನು ನೋಡಿ ಉಂಡಿಯೇನೆಂದು ಕೇಳಿದ್ದು ಬಿಟ್ಟರೆ ಅವಳು ಒಂದು ಮಾತೂ ಆಡಲಿಲ್ಲ.

ರೇವಣಪ್ಪ ಬಹಳ ತಾಳ್ಮೆಯಿಂದ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದ. ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಕೊಟ್ಟಾಗಲೇ ಅವರ ಪಾಲು ಮುಗಿಯಿತು. ಹೊಲ ತುಂಡಾದರೆ ಮನೆತನ ತುಂಡಾಗುತ್ತದೆ. ತವರಿಗೆ ಬಂದಾಗ ಬಾಗಿಲು ತೆಗೆಯಲು ಒಬ್ಬ ತಮ್ಮ ಇರಬೇಕೋ ಬೇಡವೋ, ಅದನ್ನು ಅವಳೇ ಯೋಚಿಸಲಿ ಎಂದ.

"ಹುಟ್ಟಿದ ಕೂಡಲೇ ನಮ್ಮ ಮೂರೂ ಮಂದಿ ಕೊರಳಿಗಿ ಅಪ್ಪ ಲಿಂಗಾ ಕಟ್ಟಿಸ್ಯಾನ," ಎಂದಳು ಭಾಗ್ಯಜ್ಯೋತಿ. "ಆವಾಗ ಇದು ಗಂಡು, ಇದು ಹೆಣ್ಣು ಅಂತ ನೋಡಲಿಲ್ಲ. ಕಾಗದದಾಗ ಬರ್ಯೂಮುಂದ ಯಾಕ ನೋಡ್ತೀರಿ ಕಾಕಾ?"

"ಧರ್ಮದ ಮಾತು ಬ್ಯಾರೆ, ಹೊಲದ ಮಾತು ಬ್ಯಾರೆ ತಂಗಿ," ಎಂದ ರೇವಣಪ್ಪ. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, ಅವಳ ಕಡೆ ನೋಡದೆ ಕೇಳಿದ. "ಒಂದು ಮಾತು ಹೇಳು. ನಿನ್ನ ನಾದಿನಿ ಲಲಿತಾಬಾಯಿಗಿ ನಿನ್ನ ಗಂಡ ಪಾಲು ಕೊಟ್ಟಾನೇನು?"

ಮಾವ ತೀರಿದಾಗ ಲಲಿತಾಬಾಯಿಯನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದವಳು ಭಾಗ್ಯಜ್ಯೋತಿಯೇ. ಸೀರೆ ಆರಿಸಿ ತಂದವಳೂ ಅವಳೇ. ಸಹಿಗೆ ಪೆನ್ನು ಎತ್ತಿ ಕೊಟ್ಟದ್ದು ಕೂಡ ನೆನಪಾಯಿತು. ಚನ್ನು ಮುಸಿಮುಸಿ ನಕ್ಕ. ಅವಳು ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದಳು.

ಮರುದಿನ ಅವಳು ಸೇಡಂಗೆ ಹೋಗಿ ಲತೀಫಾ ಎಂಬ ವಕೀಲೆಯನ್ನು ಕಂಡಳು. ನ್ಯಾಯಾಲಯದ ಎದುರಿನ ಒಂದೇ ಕೋಣೆಯ ಆಫೀಸು, ಗೋಡೆಗೆ ಒರಗಿಸಿದ ಫೈಲುಗಳ ಗುಡ್ಡ. ಲತೀಫಾ ನೋಟೀಸಿನ ಚೂರನ್ನು ಓದಿ, ಕಾಯಿದೆಯನ್ನು ನಾಲ್ಕೇ ಮಾತಿನಲ್ಲಿ ತಿಳಿಸಿದರು. ಗಂಡ ಸತ್ತರೆ ಹೆಂಡತಿ, ಮಗ, ಮಗಳು ಎಲ್ಲರೂ ಒಂದೇ ಸಾಲಿನ ವಾರಸುದಾರರು. ಹೆಣ್ಣುಮಕ್ಕಳ ಹೆಸರು ಮುಚ್ಚಿಟ್ಟು ಪ್ರಮಾಣಪತ್ರ ಕೇಳುವುದು ನ್ಯಾಯಾಲಯಕ್ಕೆ ಸುಳ್ಳು ಹೇಳಿದಂತೆ. ತಕರಾರು ಹಾಕಬೇಕು, ಮಗಳೆಂದು ರುಜುವಾತು ಮಾಡಬೇಕು. ಇಲ್ಲಿ ಗೆದ್ದರೆ ಅದೇ ಆಧಾರದ ಮೇಲೆ ಹೊಲದ ಖಾತೆಗೂ ಅರ್ಜಿ ಕೊಡಬಹುದು.

"ಅರ್ಜಿ ಬರಿಯೋದು ಸುಲಭ ಅಕ್ಕಾ," ಎಂದು ಲತೀಫಾ ಕೊನೆಗೆ ಹೇಳಿದರು. "ಆದ್ರ ತವರಿನ ಹಾದಿ ಬಂದ್ ಆಗಬಹುದು. ಅದಕ್ಕ ತಯಾರಿದ್ದೀರೇನು? ವಿಚಾರ ಮಾಡಿ ಬರ್ರಿ."

ಭಾಗ್ಯಜ್ಯೋತಿ ವಕಾಲತ್ತಿಗೆ ಸಹಿ ಹಾಕದೆ ಮನೆಗೆ ಬಂದಳು. ಎಂಟು ದಿನ ವಿಚಾರ ಮಾಡಿದಳು. ಅಕ್ಕನಿಲ್ಲದ ಪಂಚಮಿ ಚನ್ನುವಿಗೆ ನಡೆದೀತು, ತವರಿಲ್ಲದ ಪಂಚಮಿ ತನಗೆ ನಡೆದೀತೇ ಎಂದು ತನ್ನನ್ನೇ ಕೇಳಿಕೊಂಡಳು. ಬಿಟ್ಟುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದೂ ಉಂಟು.

ಒಂಬತ್ತನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಬಸವೇಶ್ವರಿ ನಿಂತಿದ್ದಳು. ಜೊತೆಗೆ ಇಬ್ಬರು ಹೆಣ್ಣುಮಕ್ಕಳು, ಮೂರು ಗಂಟು. ತನಗೆ ಸಲ್ಲಬೇಕಾದದ್ದೆಲ್ಲ ಸಂದಿದೆ, ಮನೆಯ ಮೇಲೆ ಯಾವ ಹಕ್ಕೂ ಇಲ್ಲ ಎಂದು ಬರೆದ ಕಾಗದವನ್ನು ಚನ್ನು ಅವಳ ಮುಂದಿಟ್ಟಿದ್ದ. ಓದದೆ ಸಹಿ ಹಾಕುವುದಿಲ್ಲ ಎಂದಿದ್ದಳು. ಓದಿದ ಮೇಲೂ ಹಾಕುವುದಿಲ್ಲ ಎಂದಿದ್ದಳು. ಮರುದಿನ ಹೊಲದಿಂದ ಬರುವಷ್ಟರಲ್ಲಿ ಹಿಂದಿನ ಕೋಣೆಗೆ ಹೊಸ ಬೀಗ ಬಿದ್ದಿತ್ತು, ಗಂಟುಗಳು ದನದ ಕೊಟ್ಟಿಗೆಯಲ್ಲಿದ್ದವು. ಮೂರು ದಿನ ತಾಯಿಮಕ್ಕಳು ಎತ್ತುಗಳ ಪಕ್ಕದಲ್ಲಿ ಮಲಗಿದ್ದರು. ಊರವರೆಲ್ಲ ನೋಡಿದರು, ಯಾರೂ ಕೇಳಲಿಲ್ಲ. ಚಿಕ್ಕವಳು ಶಾಲೆಗೆ ಹೋಗಲು ನಾಚಿಕೊಂಡಳು.

ಭಾಗ್ಯಜ್ಯೋತಿ ಆ ಮಕ್ಕಳಿಗೆ ಉಣ್ಣಲು ಇಟ್ಟು, ಸೀರೆ ಬದಲಿಸಿ, ಮಧ್ಯಾಹ್ನದ ಗಾಡಿಗೇ ತಂಗಿಯನ್ನು ಕರೆದುಕೊಂಡು ಸೇಡಂಗೆ ಹೊರಟಳು. ವಕಾಲತ್ತಿಗೆ ಇಬ್ಬರೂ ಸಹಿ ಹಾಕಿದರು. ಲತೀಫಾ ತಕರಾರು ಅರ್ಜಿ ಬರೆಯುವಾಗ, ಗಂಡ ಶರಣಯ್ಯ ಎಂದು ಬರೆಯಲೇ ಎಂದು ಕೇಳಿದರು.

"ತಂದೆ ಗುರುಲಿಂಗಯ್ಯ ಅಂತ ಬರೀರಿ," ಎಂದಳು ಭಾಗ್ಯಜ್ಯೋತಿ.

ವಿಚಾರಣೆಯ ಮೊದಲ ಪೇಶಿಯ ದಿನ ನ್ಯಾಯಾಲಯದ ಜವಾನ ಹೊರಗೆ ಬಂದು ಆ ಹೆಸರನ್ನು ಮೂರು ಸಲ ಕೂಗಿದ. ವರಾಂಡದ ತುಂಬ ಜನ. ಭಾಗ್ಯಜ್ಯೋತಿ ತಂದೆ ಗುರುಲಿಂಗಯ್ಯ, ಹಾಜರಿದ್ದೀರಾ? ಮದುವೆಯಾದ ಇಪ್ಪತ್ನಾಲ್ಕು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವಳು ಎದ್ದು ನಿಂತಾಗ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಆದರೆ ಪೇಶಿಗಳು ನೆಟ್ಟಗೆ ನಡೆಯಲಿಲ್ಲ. ಒಂದು ಸಲ ನ್ಯಾಯಾಧೀಶರು ರಜೆ, ಇನ್ನೊಂದು ಸಲ ವಕೀಲರ ಕಲಾಪ ಬಹಿಷ್ಕಾರ, ಮತ್ತೊಂದು ಸಲ ಚನ್ನುವಿನ ವಕೀಲರು ತಕರಾರಿನ ಪ್ರತಿ ತಲುಪಿಲ್ಲ ಎಂದರು. ಮಳೆಗಾಲ ಬಂದು ಹೋಯಿತು. ಪಂಚಮಿಗೆ ಯಾರೂ ಕರೆಯಲು ಬರಲಿಲ್ಲ. ಬಸವೇಶ್ವರಿ ಅಕ್ಕನಿಗೆ ಭಾರವಾಗಬಾರದೆಂದು ಶಹಾಬಾದಿನ ಕಲ್ಲು ಪಾಲಿಶಿನ ಕೆಲಸಕ್ಕೆ ಸೇರಿದಳು. ನೀರು ಮತ್ತು ಕಲ್ಲಿನ ಕೆಸರಿನಲ್ಲಿ ದಿನವಿಡೀ ನಿಂತು ಅವಳ ಬೆರಳುಗಳ ಸಂದಿ ಬಿರಿಯುತ್ತಿತ್ತು. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗ ಅವಳು ಅಳುತ್ತಿರಲಿಲ್ಲ. ಅದು ಭಾಗ್ಯಜ್ಯೋತಿಗೆ ಅಳುವುದಕ್ಕಿಂತ ಕಷ್ಟವಾಗಿ ಕಾಣುತ್ತಿತ್ತು.

ಇದರ ನಡುವೆ ರೇವಣಪ್ಪ ಕೇಳಿದ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿಯೇಬಿಟ್ಟಳು. ಚಿತ್ತಾಪುರದ ಪಕ್ಕದಲ್ಲಿರುವ ಅವನ ಅಪ್ಪನ ಹೊಲದಲ್ಲಿ ಲಲಿತಾಬಾಯಿಯ ಪಾಲಿದೆ, ಅದನ್ನು ಕೊಡಬೇಕು ಎಂದಳು.

"ಆಕಿ ಎಂದೂ ಕೇಳಿಲ್ಲ," ಎಂದ ಶರಣಯ್ಯ.

"ನಾನೂ ಕೇಳಿದ್ದಿಲ್ಲ. ಕೇಳದಾಕಿಗಿ ಹಕ್ಕಿಲ್ಲ ಅಂದ್ರ ನನಗೂ ಇಲ್ಲ. ನಾಳಿಂದ ಸೇಡಂಗ ಹೋಗೋದು ಬಿಡ್ತೀನಿ."

ಶರಣಯ್ಯ ಕೆಟ್ಟವನಲ್ಲ, ಆದರೆ ಅಪ್ಪನ ಹೊಲದ ಮಾತು ಅವನಿಗೂ ಸುಲಭದ್ದಾಗಿರಲಿಲ್ಲ. ನಾಲ್ಕು ದಿನ ಹೆಂಡತಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಐದನೆಯ ದಿನ ಪಾಳಿಯಿಂದ ಬಂದವನೇ ಬಟ್ಟೆ ಬದಲಿಸಿ, ನಡಿ, ಚಿತ್ತಾಪುರಕ್ಕೆ ಹೋಗಿ ಬರೋಣ ಎಂದ.

ಲಲಿತಾಬಾಯಿ ಚಿತ್ತಾಪುರದಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ಅಣ್ಣ ಹೇಳಿದ್ದನ್ನು ಕೇಳಿ ಅವಳು ಮಷೀನು ನಿಲ್ಲಿಸಿದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿದಳು.

"ಅವತ್ತು ನೀವು ಪೆನ್ನ ಕೊಟ್ಟಾಗ ನಿಮ್ಮ ಮಾರೀನೇ ನೋಡಾಕತ್ತಿದ್ದೆ ವೈನಿ. ಒಂದು ಮಾತು ಬ್ಯಾಡ ಅಂತೀರೇನೋ ಅಂತ."

ಭಾಗ್ಯಜ್ಯೋತಿ ನಾದಿನಿಯ ಕೈ ಹಿಡಿದುಕೊಂಡು, ತಪ್ಪಾಯಿತು ಎಂದಳು. ವಯಸ್ಸಿನಲ್ಲಿ ಸಣ್ಣವಳ ಎದುರು ಹಾಗೆ ಹೇಳಲು ಅವಳಿಗೆ ನಾಚಿಕೆಯಾಗಲಿಲ್ಲ, ಎದೆ ಹಗುರಾಯಿತು. ಮುಂದಿನ ತಿಂಗಳು ಪಾಲಿನ ಪತ್ರ ನೋಂದಣಿಯಾಯಿತು. ಆ ದಿನ ಲಲಿತಾಬಾಯಿ ತನ್ನ ಟ್ರಂಕು ತೆಗೆದು, ಅಣ್ಣನ ಮದುವೆಯ ಅರಿಷಿಣ ಹಚ್ಚಿದ ಲಗ್ನಪತ್ರಿಕೆಯನ್ನು ಹುಡುಕಿ ಕೊಟ್ಟಳು. ಅದರಲ್ಲಿ ಗುರುಲಿಂಗಯ್ಯನೇ ಅಚ್ಚು ಹಾಕಿಸಿದ್ದ. ನನ್ನ ಜ್ಯೇಷ್ಠ ಪುತ್ರಿ ಚಿ.ಸೌ. ಭಾಗ್ಯಜ್ಯೋತಿ. ಕೆಳಗೆ ಸುಖಾಗಮನ ಬಯಸುವವರಲ್ಲಿ ಚಿಕ್ಕ ಮಗಳು ಬಸವೇಶ್ವರಿಯ ಹೆಸರೂ ಇತ್ತು. ಊರ ಶಾಲೆಯಿಂದ ತಂದ ಇಬ್ಬರ ದಾಖಲಾತಿ ಪ್ರತಿಗಳ ಜೊತೆಗೆ ಲತೀಫಾ ಅದನ್ನೂ ನ್ಯಾಯಾಲಯಕ್ಕೆ ಹಾಜರುಪಡಿಸಿದರು.

ಭಾಗ್ಯಜ್ಯೋತಿಯ ಸಾಕ್ಷಿಯ ದಿನ ಚನ್ನುವಿನ ವಕೀಲರು ಕನ್ನಡಕ ಏರಿಸಿಕೊಂಡು ಬಹಳ ಪ್ರಶ್ನೆ ಕೇಳಿದರು. ಮದುವೆ ಯಾರು ಮಾಡಿದರು, ಬಂಗಾರ ಯಾರು ಹಾಕಿದರು, ಅಪ್ಪ ತೀರಿದ ಮೇಲಿನ ಗಣಾರಾಧನೆಯಲ್ಲಿ ತಮ್ಮ ಕೊಟ್ಟ ಸೀರೆ ಉಟ್ಟುಕೊಂಡು ಹೋದದ್ದು ಹೌದೋ ಅಲ್ಲವೋ ಎಂದರು. ಅವಳು ಎಲ್ಲದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೊನೆಗೆ ಅವರು ಹಿಂದಿನ ಬೆಂಚಿನಲ್ಲಿ ಕೂತ ರೇವಣಪ್ಪನ ಕಡೆ ಒಮ್ಮೆ ನೋಡಿ, ದನಿ ಎತ್ತರಿಸಿ ಕೇಳಿದರು.

"ತವರಿನ ಪಾಲು ಕೇಳ್ತೀರಿ. ನಿಮ್ಮ ಗಂಡನ ತಂಗಿಗೆ ಪಾಲು ಕೊಟ್ಟಿದ್ದೀರಾ?"

"ಕೊಟ್ಟೀವ್ರಿ," ಎಂದಳು ಅವಳು. "ಮೊದಲು ಕೊಡದಿದ್ದದ್ದು ನಮ್ಮ ತಪ್ಪು. ತಿಳದ ಮ್ಯಾಲ ಕೊಟ್ಟೀವಿ. ನಾದಿನಿ ಹೊರಗ ವರಾಂಡದಾಗ ಕುಂತಾಳ, ಕರಸಿ ಕೇಳ್ರಿ."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಪ್ರಶ್ನೆ ಇಲ್ಲ ಎಂದು ಕೂತರು. ಕಟಕಟೆಯಿಂದ ಇಳಿಯುವಾಗ ಭಾಗ್ಯಜ್ಯೋತಿಗೆ ತನ್ನ ಕಾಲು ನೆಲಕ್ಕೆ ಗಟ್ಟಿಯಾಗಿ ಊರುತ್ತಿದೆ ಅನ್ನಿಸಿತು.

ಅರ್ಜಿಯ ಮೇಲೆ ಸೂಗಮ್ಮನ ಹೆಬ್ಬೆಟ್ಟಿನ ಗುರುತಿತ್ತು. ಅವಳನ್ನು ವಿಚಾರಿಸಬೇಕೆಂದು ಲತೀಫಾ ಕೇಳಿಕೊಂಡರು, ನ್ಯಾಯಾಧೀಶರು ಒಪ್ಪಿದರು. ಅದು ಭಾಗ್ಯಜ್ಯೋತಿಗೆ ಎಲ್ಲಕ್ಕಿಂತ ಅಂಜಿಕೆಯ ದಿನ. ತಾಯಿ ಮಗನ ಮನೆಯ ಅನ್ನ ಉಣ್ಣುತ್ತಿದ್ದಳು. ಎಪ್ಪತ್ತು ದಾಟಿದ ಜೀವ. ಒಂದು ವರ್ಷದಿಂದ ಹೆಣ್ಣುಮಕ್ಕಳೊಡನೆ ಮಾತಾಡಲು ಬಿಟ್ಟಿರಲಿಲ್ಲ. ಅವಳು ಮಗನ ಪರ ಹೇಳಿದರೆ ಅವಳ ಮೇಲೆ ಸಿಟ್ಟಾಗಬಾರದು ಎಂದು ಅಕ್ಕತಂಗಿ ಗಾಡಿಯಲ್ಲೇ ಮಾತಾಡಿಕೊಂಡಿದ್ದರು.

ಚನ್ನು ತಾಯಿಯನ್ನು ಕಾರಿನಲ್ಲಿ ಕರೆತಂದ. ಮೆಟ್ಟಿಲು ಹತ್ತುವಾಗಲೂ ರೇವಣಪ್ಪ ಅವಳ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಸೂಗಮ್ಮ ಕಟಕಟೆಯ ಕಟ್ಟಿಗೆ ಹಿಡಿದು ನಿಂತಳು. ಹೆಣ್ಣುಮಕ್ಕಳ ಕಡೆ ನೋಡಲಿಲ್ಲ. ಪ್ರಮಾಣ ಮಾಡಿಸಿದ ಮೇಲೆ ನ್ಯಾಯಾಧೀಶರು ಮೆಲ್ಲಗೆ ಕೇಳಿದರು.

"ಅಜ್ಜೀ, ನಿಮಗೆ ಎಷ್ಟು ಮಂದಿ ಮಕ್ಕಳು?"

"ಗಂಡಸು ಮಕ್ಕಳೋ, ಎಲ್ಲಾ ಸೇರಿಸಿ ಕೇಳ್ತೀರೋ?"

"ಎಲ್ಲಾ ಸೇರಿಸಿ."

ಸೂಗಮ್ಮ ಸೆರಗು ಸರಿ ಮಾಡಿಕೊಂಡಳು. "ನಾಕು ಹಡದೀನ್ರಿ. ಮೊದಲಿನಾಕಿ ಭಾಗ್ಯ, ಅಲ್ಲಿ ನಿಂತಾಳ ನೋಡ್ರಿ. ಆಕಿ ಬೆನ್ನಿಗಿ ನೀಲಮ್ಮ. ಆಮ್ಯಾಲ ಚನ್ನು. ಕಡೀದಾಕಿ ಬಸವೇಶ್ವರಿ. ನೀಲಮ್ಮ ಮೂರು ತಿಂಗಳಿನಾಕಿ ಇದ್ದಾಗ ಜ್ವರ ಬಂದು ಹೋದಳು."

ಬೆರಳಚ್ಚುಗಾರ ಕೈ ನಿಲ್ಲಿಸಿದ. ಚನ್ನುವಿನ ವಕೀಲರು ಎದ್ದು, ತೀರಿಕೊಂಡ ಕೂಸಿನ ಹೆಸರು ಈ ಮಾಮಲೆಗೆ ಬೇಕಾಗಿಲ್ಲ ಎಂದರು.

"ಬರೀರಿ," ಎಂದಳು ಸೂಗಮ್ಮ. "ಆಕಿ ಹೆಸರು ಎಲ್ಲೂ ಬರದಿಲ್ಲ. ಇಲ್ಲಾದ್ರೂ ಇರಲಿ."

ನ್ಯಾಯಾಧೀಶರು ತಲೆಯಾಡಿಸಿದರು. ಬೆರಳಚ್ಚುಗಾರ ಬರೆದ. ಭಾಗ್ಯಜ್ಯೋತಿ ತಂಗಿಯ ಬಿರುಕು ಬಿಟ್ಟ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತನಗೆ ಇನ್ನೊಬ್ಬ ತಂಗಿ ಇದ್ದಳೆಂಬುದನ್ನು ಅವಳು ಕೇಳಿದ್ದಳು, ಹೆಸರನ್ನು ಕೇಳಿದ್ದು ಇದೇ ಮೊದಲು.

ಅರ್ಜಿಯನ್ನು ತೋರಿಸಿ, ಈ ಹೆಬ್ಬೆಟ್ಟು ನಿಮ್ಮದೇ ಎಂದು ಲತೀಫಾ ಕೇಳಿದರು.

"ಹೌದ್ರಿ. ಹೆಬ್ಬೆಟ್ಟು ನಂದು. ಅದರಾಗಿನ ಮಾತು ನಂದಲ್ಲ. ನನಗ ಯಾರೂ ಓದಿ ಹೇಳಿದ್ದಿಲ್ಲ." ಸ್ವಲ್ಪ ತಡೆದು ಅವಳು ಮಗನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ನನ್ನ ಮಗ ಹೌದಪ್ಪ. ಆದ್ರ ನೀ ಒಬ್ಬನೇ ಅಲ್ಲ."

ಚನ್ನು ತಲೆ ತಗ್ಗಿಸಿದ. ಆ ಹೊತ್ತು ಭಾಗ್ಯಜ್ಯೋತಿಗೆ ಆದ ಹೆಮ್ಮೆಯನ್ನು ಹೇಳಿ ತೀರದು. ಓದು ಬರಹ ಬಾರದ, ಎಂದೂ ಗಂಡಸರ ಎದುರು ಬಾಯಿ ತೆರೆಯದ ತಾಯಿ, ಊರ ಹಿರಿಯರೆಲ್ಲ ಕೂಡಿ ಅಳಿಸಿದ್ದನ್ನು ನಾಲ್ಕು ಮಾತಿನಲ್ಲಿ ತಿರುಗಿ ಬರೆಸಿದ್ದಳು.

ಕಲಾಪ ಮುಗಿದು ಹೊರಗೆ ಬಂದಾಗ ಸೂಗಮ್ಮ ಮಗನ ಕಾರಿನ ಕಡೆ ಹೋಗಲಿಲ್ಲ. ಹೆಣ್ಣುಮಕ್ಕಳ ನಡುವೆ ಬಂದು, ವಾಡಿಯ ಗಾಡಿ ಎಷ್ಟೊತ್ತಿಗೆ ಎಂದು ಕೇಳಿದಳು.

ಆರು ವಾರದ ಮೇಲೆ ಆದೇಶ ಬಂತು. ಮೃತ ಗುರುಲಿಂಗಯ್ಯನಿಗೆ ಪತ್ನಿ, ಮಗ, ಇಬ್ಬರು ಹೆಣ್ಣುಮಕ್ಕಳು ಹೀಗೆ ನಾಲ್ವರು ವಾರಸುದಾರರು, ಪ್ರಮಾಣಪತ್ರ ನಾಲ್ವರ ಹೆಸರಿನಲ್ಲೂ ಸಮಪಾಲಿನಂತೆ ಕೊಡತಕ್ಕದ್ದು ಎಂದಿತ್ತು. ಲತೀಫಾ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಬಸವೇಶ್ವರಿ ಇನ್ನೊಮ್ಮೆ ಓದಿಸಿದಳು.

ಸುದ್ದಿ ಊರಿಗೆ ಮುಟ್ಟಿದ ನಾಲ್ಕನೆಯ ದಿನ ರೇವಣಪ್ಪ ಮತ್ತು ಚನ್ನು ವಾಡಿಗೆ ಬಂದರು. ಭಾಗ್ಯಜ್ಯೋತಿ ಚಾಪೆ ಹಾಸಿ, ಕುಂದ್ರಿ ಎಂದಳು. ರೇವಣಪ್ಪ ಚೀಲದಿಂದ ಎರಡು ಇಳಕಲ್ ಸೀರೆ, ಎರಡು ಕುಪ್ಪಸದ ಕಣ ತೆಗೆದು ತಟ್ಟೆಯಲ್ಲಿಟ್ಟ. ಅದರ ಕೆಳಗೆ ಬೆರಳಚ್ಚು ಮಾಡಿದ ಕಾಗದವೂ ಇತ್ತು. ಅವನ ದನಿ ಈಗ ಮೆತ್ತಗಾಗಿತ್ತು. ನೀವು ಗೆದ್ದಿರಿ, ಹೆಸರು ಬಂತು, ಮಾನ ಉಳಿಯಿತು, ಅದಕ್ಕಿಂತ ದೊಡ್ಡದೇನಿದೆ ಎಂದ. ಇನ್ನು ಅಕ್ಕತಂಗಿಯರು ದೊಡ್ಡ ಮನಸ್ಸು ಮಾಡಿ, ಹೊಲದ ಹಕ್ಕನ್ನು ತಾವಾಗಿಯೇ ತಮ್ಮನಿಗೆ ಬಿಟ್ಟುಕೊಟ್ಟರೆ ಸೀಮೆಯಲ್ಲೆಲ್ಲ ಅವರ ಹೆಸರು ಹೇಳುತ್ತಾರೆ ಎಂದ.

ಭಾಗ್ಯಜ್ಯೋತಿ ಕಾಗದವನ್ನು ಕೈಗೆತ್ತಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದಳು. ಆಮೇಲೆ ಅದನ್ನು ಮಡಿಸಿ ಸೀರೆಯ ಮೇಲಿಟ್ಟು, ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.

"ಇಲ್ಲ ಕಾಕಾ. ನನ್ನ ಪಾಲು ನಾ ಬಿಡಂಗಿಲ್ಲ. ಬಸವೇಶ್ವರಿ ಪಾಲೂ ಬಿಡಸಂಗಿಲ್ಲ. ಆಕಿ ಹದಿಮೂರು ವರ್ಷ ಆ ಹೊಲದಾಗ ಕಳೀ ಕಿತ್ತಾಳ. ಚನ್ನು ನನ್ನ ಹೊಲಾ ಮಾಡ್ತೀನಂದ್ರ ಮಾಡಲಿ, ಕೇಳಿ ಮಾಡಲಿ. ಸೀರಿ ಕೊಟ್ಟು ಸಹಿ ಕೇಳೋದು ನಮ್ಮ ಮನ್ಯಾಗ ಇವತ್ತಿಗಿ ಮುಗೀತು. ನಿಮಗೂ ಇಬ್ಬರು ಹೆಣ್ಣುಮಕ್ಕಳಿದ್ದಾರ, ಅವರ ಹೆಸರು ಬರಸ್ರಿ."

ರೇವಣಪ್ಪನ ಮುಖ ಬಿಗಿಯಿತು. ತಟ್ಟೆಯಿಂದ ಸೀರೆ ಎತ್ತಿ ಚೀಲಕ್ಕೆ ಹಾಕುತ್ತ ಎದ್ದು ನಿಂತ.

"ಹಂಗಾದ್ರ ಇವತ್ತಿನಿಂದ ನಿಮಗ ತವರು ಇಲ್ಲ ಅಂತ ತಿಳೀರಿ," ಎಂದ.

ಅಡುಗೆಮನೆಯ ಬಾಗಿಲಲ್ಲಿ ಕೂತು ಮೊಮ್ಮಗಳ ಜಡೆ ಹಾಕುತ್ತಿದ್ದ ಸೂಗಮ್ಮ ಕೈ ನಿಲ್ಲಿಸಲಿಲ್ಲ.

"ತವರು ಅಂದ್ರ ನಾನು ರೇವಣಪ್ಪ," ಎಂದಳು. "ನಾ ಇಲ್ಲೇ ಕುಂತೀನಿ."

ರೇವಣಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಚನ್ನು ಅವನ ಹಿಂದೆ ಎದ್ದವನು ಬಾಗಿಲವರೆಗೆ ಹೋಗಿ ನಿಂತ. ತಾಯಿಯನ್ನು ನೋಡಿದ, ಅಕ್ಕನನ್ನು ನೋಡಿದ, ತಿರುಗಿ ಬಂದು ಚಾಪೆಯ ತುದಿಯಲ್ಲಿ ಕೂತ. ಊಟದ ಹೊತ್ತಾಗಿತ್ತು. ಭಾಗ್ಯಜ್ಯೋತಿ ಅವನಿಗೂ ಒಂದು ತಟ್ಟೆ ಹಾಕಿದಳು. ಉಣ್ಣುತ್ತ ಅವನು ತಲೆ ಎತ್ತದೆ, ಹೊಲದ ಖಾತೆಯ ಅರ್ಜಿಗೆ ತಾನೂ ಸಹಿ ಹಾಕಬೇಕಾಗುತ್ತದೆಯೇ ಎಂದು ಕೇಳಿದ. ಹಾಕಬೇಕಾಗುತ್ತದೆ, ನಾಳೆ ಹನ್ನೊಂದಕ್ಕೆ ಸೇಡಂ ತಹಸೀಲ್ ಕಚೇರಿಗೆ ಬಂದುಬಿಡು ಎಂದಳು ಅವಳು, ಇನ್ನೊಂದು ರೊಟ್ಟಿ ಅವನ ತಟ್ಟೆಗೆ ಹಾಕುತ್ತ.